ಎಎಂಟಿ ಕಾರಿನಲ್ಲಿ ದಿಢೀರ್ ಬ್ರೇಕ್: ಹೇಳಿಕೊಡುವವರು ಯಾರು?

ಮಾನ್ಯ ಸಂಪಾದಕರೆ,

ಮೂವತ್ತು ವರ್ಷ ಕ್ಲಚ್ ತುಳಿದೇ ಕಾರು ಓಡಿಸಿದ ನಾನು ಮೊಣಕಾಲು ನೋವಿನ ದೆಸೆಯಿಂದ ಕಳೆದ ವರ್ಷ ಎಎಂಟಿ ಗೇರಿನ, ಅಂದರೆ ಕ್ಲಚ್ ಪೆಡಲೇ ಇಲ್ಲದೆ ಗೇರು ತಾನಾಗಿಯೇ ಬದಲಾಗುವ, ಕಾರು ಕೊಂಡೆ. ಒಂದು ಮುಸ್ಸಂಜೆ ಚಿತ್ರದುರ್ಗದಿಂದ ದಾವಣಗೆರೆಗೆ ಮರಳುತ್ತಿದ್ದಾಗ, ಭರಮಸಾಗರ ದಾಟಿದ ಮೇಲೆ, ಹಿಂಬದಿಯಲ್ಲಿ ದೀಪವಾಗಲಿ ಕೆಂಪು ಪಟ್ಟಿಯಾಗಲಿ ಇಲ್ಲದ ಮೆಕ್ಕೆಜೋಳದ ಟ್ರ್ಯಾಕ್ಟರೊಂದು ಸರ್ವಿಸ್ ರಸ್ತೆಯಿಂದ ಏಕಾಏಕಿ ಹೆದ್ದಾರಿಗೆ ನುಗ್ಗಿತು. ನನ್ನ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕಿಕೊಂಡು ಹೋಗಿ ಬ್ರೇಕ್ ಪೆಡಲಿನ ಮೇಲೆ ಬಲಗಾಲಿನ ಪಕ್ಕಕ್ಕೇ ಬಿತ್ತು. ಎಡಗೈ ಸ್ಟೇರಿಂಗ್ ಬಿಟ್ಟು ನ್ಯೂಟ್ರಲ್ ಮಾಡಲೆಂದು ಗೇರ್ ಲಿವರನ್ನು ತಡಕಿತು. ಟ್ರೇಲರಿಗೆ ಎರಡು ಮಾರು ಇರುವಾಗ ಕಾರು ನಿಂತಿತು. ಸದ್ಯ ಬದುಕಿದೆ ಎಂದು ಕಾಲು ಸಡಿಲಿಸಿದೆನೋ ಇಲ್ಲವೋ, ಅದು ತಾನಾಗಿಯೇ ಮತ್ತೆ ಮುಂದಕ್ಕೆ ತೆವಳತೊಡಗಿತು. ನೋಡಿದರೆ ಲಿವರ್ ಇನ್ನೂ ಡ್ರೈವ್‌ನಲ್ಲೇ ಇತ್ತು.

ತಪ್ಪು ನನ್ನದೇ. ಆದರೆ ಈ ತಪ್ಪನ್ನು ನನ್ನಂತೆ ಗೇರ್ ಕಾರಿನಿಂದ ಎಎಂಟಿಗೆ ಬಂದವರೆಲ್ಲ ಮಾಡಬಹುದಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. 2014ರಲ್ಲಿ ಮಾರುತಿ ಸೆಲೆರಿಯೊ ಬಂದಂದಿನಿಂದ ನಮ್ಮಲ್ಲಿ ಬಳಕೆಗೆ ಬಂದ ಈ ವ್ಯವಸ್ಥೆಯೊಳಗೆ ಇರುವುದು ಹಳೆಯ ಕಾರಿನ ಕ್ಲಚ್ ಪ್ಲೇಟು, ಹಳೆಯ ಗೇರುಗಳೇ. ನಮ್ಮ ಎಡಗಾಲು, ಎಡಗೈಗಳ ಕೆಲಸವನ್ನು ಕಾರಿನೊಳಗಿನ ಒಂದು ಸಣ್ಣ ಕಂಪ್ಯೂಟರು ಹೈಡ್ರಾಲಿಕ್ ಇಲ್ಲವೆ ಮೋಟಾರಿನ ಸಾಧನದಿಂದ ಮಾಡಿಸುತ್ತದೆ. ಬ್ರೇಕ್ ಎಷ್ಟೇ ಜೋರಾಗಿ ಒತ್ತಿದರೂ, ಎಂಜಿನ್ನಿನ ಸುತ್ತು ಇಳಿದ ಕೂಡಲೇ ಆ ಕಂಪ್ಯೂಟರೇ ಕ್ಲಚ್ ಬಿಡಿಸಿ ಗೇರ್ ಇಳಿಸುತ್ತದೆ. ಎಂಜಿನ್ ಬಂದ್ ಬೀಳುವ ಭಯವಿಲ್ಲ. ಹೀಗಿರುವಾಗ ನ್ಯೂಟ್ರಲ್‌ಗೆ ಕೈ ಹಾಕುವುದರಿಂದ ಸ್ಟೇರಿಂಗ್ ಒಂಟಿ ಕೈಗೆ ಬರುತ್ತದೆಯೇ ಹೊರತು ಬೇರೇನೂ ಲಾಭವಿಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಯಾವ ಕಾಲು, ಯಾವ ಪೆಡಲು ಎಂದು ಅರ್ಧ ಸೆಕೆಂಡ್ ತಡವರಿಸಿದರೂ ಮೂರು ಸಣ್ಣ ಕಾರುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ದೂರ ಕೈಬಿಟ್ಟಂತೆ.

ಮಾಡಬೇಕಾದದ್ದು ಇಷ್ಟೇ: ಎರಡೂ ಕೈ ಸ್ಟೇರಿಂಗ್ ಮೇಲಿರಲಿ, ಎಡಗಾಲು ಮೂಲೆಯ ಫುಟ್‌ರೆಸ್ಟಿನಲ್ಲಿ ಬಿದ್ದಿರಲಿ, ಬಲಗಾಲು ಮಾತ್ರ ಬ್ರೇಕನ್ನು ಪೂರ್ತಿ ಒತ್ತಿ ಹಿಡಿಯಲಿ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಗಿದೆ. ಅದು ಕೆಲಸ ಮಾಡುವಾಗ ಪೆಡಲು ಕಾಲಡಿಯಲ್ಲಿ ಗಡಗಡ ನಡುಗುತ್ತದೆ. ಏನೋ ಮುರಿಯಿತೆಂದು ಹೆದರಿ ಕಾಲು ಎತ್ತಬಾರದು. ನಮ್ಮ ಕಡೆ ಸುಗ್ಗಿಯಲ್ಲಿ ಸರ್ವಿಸ್ ರಸ್ತೆಯ ಮೇಲೆ ಜೋಳ, ರಾಗಿ ಒಣಹಾಕಿರುತ್ತಾರೆ (ರೈತರಿಗೆ ಕಣ ಬೇರೆಲ್ಲಿದೆ ಎಂಬುದು ಇನ್ನೊಂದು ಪತ್ರಕ್ಕೆ ಆಗುವ ಮಾತು). ಆ ಕಾಳಿನ ಮೇಲೆ ಎಬಿಎಸ್ ಇದ್ದರೂ ಕಾರು ನಿಲ್ಲಲು ಹೆಚ್ಚು ದೂರ ಹಿಡಿಯುವುದರಿಂದ ಮೊದಲೇ ವೇಗ ಇಳಿಸಿರಬೇಕು. ಕಾರು ನಿಂತ ಮೇಲೂ ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್ ಮಾಡುವ ತನಕ ಬ್ರೇಕ್ ಮೇಲಿನ ಕಾಲು ಕದಲಬಾರದು. ನನ್ನ ಕಾರನ್ನು ಎರಡನೆಯ ಸಲ ಮುಂದೆ ಸರಿಸಿದ್ದು ಈ ಮರೆವೇ.

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮಾರಾಟ ಮಾಡಿದವರು ತೆಂಗಿನಕಾಯಿ ಒಡೆಸಿ, ಹಾರ ಹಾಕಿಸಿ, ದೊಡ್ಡ ರಟ್ಟಿನ ಬೀಗದಕೈ ಹಿಡಿಸಿ ಫೋಟೊ ತೆಗೆದರು. ಬ್ಲೂಟೂತ್ ಜೋಡಿಸಲು ಇಪ್ಪತ್ತು ನಿಮಿಷ ಕೊಟ್ಟರು. ನಾನು ಕಲಿತ ಡ್ರೈವಿಂಗ್ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದು 'ಮೊದಲು ಕ್ಲಚ್ ತುಳಿ' ಎಂಬ ಒಂದೇ ಮಂತ್ರ, ಅದು ಇಂದಿಗೂ ಕಾಲಿನಲ್ಲಿ ಕೂತಿದೆ. ಎಎಂಟಿ ಕಾರು ಮಾರುವವರು ಬೀಗದಕೈ ಕೊಡುವ ಮುನ್ನ ಖಾಲಿ ರಸ್ತೆಯಲ್ಲಿ ಗ್ರಾಹಕರಿಂದ ನಾಲ್ಕಾರು ಬಾರಿ ಜೋರಾಗಿ ಬ್ರೇಕ್ ಹಾಕಿಸಬೇಕು, ಡ್ರೈವಿಂಗ್ ಸ್ಕೂಲುಗಳು ಇಂಥದೊಂದು ಕಾರನ್ನಾದರೂ ಇಟ್ಟುಕೊಳ್ಳಬೇಕು. ದಾವಣಗೆರೆ, ಚಿತ್ರದುರ್ಗದ ಸಾರಿಗೆ ಕಚೇರಿಗಳು ಇದನ್ನು ಅವರಿಗೆ ಒತ್ತಿ ಹೇಳಲಿ ಎಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ನಾನಂತೂ ಆಮೇಲೆ ಭಾನುವಾರ ನಸುಕಿನಲ್ಲಿ, ಮನೆ ಏಳದ ಹೊಸ ಲೇಔಟಿನ ರಸ್ತೆಗೆ ಹೋಗಿ, 40ರ ವೇಗದಲ್ಲಿ ಮತ್ತೆ ಮತ್ತೆ ನಿಲ್ಲಿಸಿ ನೋಡಿದೆ. ಎಡಗಾಲು ಸುಮ್ಮನಿರಲು ಕಲಿತದ್ದು ನಾಲ್ಕನೆಯ ಭಾನುವಾರ.

– ಒಬ್ಬ ನಿವೃತ್ತ ಶಿಕ್ಷಕ, ವಿದ್ಯಾನಗರ, ದಾವಣಗೆರೆ