ಅವಧಿ ಮುಗಿದ ಲೈಬ್ರರಿಗಳು: ಟೆಂಡರ್‌ನಲ್ಲೇ ಷರತ್ತು ಇರಲಿ

ಮಾನ್ಯ ಸಂಪಾದಕರೇ,

ತೆರಿಗೆ, ಶಾಲಾ ಶುಲ್ಕ, ಪತ್ತಿನ ಸಹಕಾರ ಸಂಘದ ಠೇವಣಿಯ ಲೆಕ್ಕ ಹೀಗೆ ಮೈಸೂರು, ಮಂಡ್ಯದವರ ಬಹಳಷ್ಟು ವ್ಯವಹಾರ ಈಗ ಜಾಲತಾಣಗಳಲ್ಲೇ ನಡೆಯುತ್ತದೆ. ಅವುಗಳ ಉದ್ಘಾಟನೆಗೆ ಸಮಾರಂಭವೂ ಆಗುತ್ತದೆ. ಆದರೆ ಅವುಗಳೊಳಗಿನ ಲೈಬ್ರರಿಗಳಿಗೆ, ಎಂದರೆ ಬೇರೆಯವರು ಬರೆದು ಎಲ್ಲರ ಬಳಕೆಗೆ ಬಿಟ್ಟಿರುವ ಸಿದ್ಧ ಕೋಡ್‌ಗೆ, ಬೆಂಬಲ (ದೋಷ ಸರಿಪಡಿಸಿಕೊಡುವ ಕೆಲಸ) ನಿಲ್ಲುವ ದಿನವೊಂದು ಇರುತ್ತದೆ ಎಂಬುದನ್ನು ಟೆಂಡರ್ ಸಿದ್ಧಪಡಿಸುವವರು ಗಮನಿಸಿದಂತೆ ಕಾಣುವುದಿಲ್ಲ.

ನಾನು ಸದಸ್ಯನಾಗಿರುವ ಸಂಸ್ಥೆಯೊಂದರ ಲಾಗಿನ್ ಪುಟದ ಸೋರ್ಸ್ ತೆರೆದು ನೋಡಿದರೆ, ಅಲ್ಲಿ ಬಳಸಿರುವುದು 2010ರ ಫೆಬ್ರುವರಿಯಲ್ಲಿ ಬಿಡುಗಡೆಯಾದ ಜೆಕ್ವೆರಿ 1.4.2 ಎಂಬ ಲೈಬ್ರರಿ. ಸರ್ವರ್ ತಾನು ಪಿಎಚ್‌ಪಿ 5.6 (ಜಾಲತಾಣ ನಡೆಸುವ ಪ್ರೋಗ್ರಾಮಿಂಗ್ ಭಾಷೆಯೊಂದರ ಆವೃತ್ತಿ) ಬಳಸುತ್ತಿರುವುದಾಗಿ ಸಾರಿಕೊಳ್ಳುತ್ತದೆ. ಅದರ ಭದ್ರತಾ ಬೆಂಬಲ 2018ರ ಡಿಸೆಂಬರ್ 31ಕ್ಕೇ ಮುಗಿದಿದೆ. ಪುಟದ ಅಡಿಯಲ್ಲಿ, ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬಳಸಿದರೆ ಉತ್ತಮ ಎಂಬ ಸಲಹೆಯೂ ಇದೆ. (ಆ ಬ್ರೌಸರನ್ನು ಮೈಕ್ರೋಸಾಫ್ಟ್ 2022ರ ಜೂನ್‌ನಲ್ಲೇ ನಿವೃತ್ತಿಗೊಳಿಸಿತು.) ಕಚೇರಿಯಲ್ಲಿ ವಿಚಾರಿಸಿದ್ದಕ್ಕೆ, "ನಡೀತಾ ಇದೆಯಲ್ಲ ಸಾರ್, ಸುಮ್ಮನೆ ಯಾಕೆ ಮುಟ್ಟೋದು" ಎಂಬ ಉತ್ತರ ಬಂತು. ಜಾಲತಾಣ ಮಾಡಿಕೊಟ್ಟ ಕಂಪನಿಯ ನಿರ್ವಹಣಾ ಒಪ್ಪಂದ ಎಂದೋ ಮುಗಿದಿದ್ದು, ನವೀಕರಣವಾಗಿಲ್ಲ.

ಆವೃತ್ತಿಯ ಸಂಖ್ಯೆ ಹಳೆಯದಾದ ಮಾತ್ರಕ್ಕೆ ಅಪಾಯವಿದೆ ಎನ್ನಲಾಗದು. ಉಬುಂಟು, ರೆಡ್ ಹ್ಯಾಟ್‌ನಂಥ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಒದಗಿಸುವವರು ಹೊಸ ತಿದ್ದುಪಡಿಗಳನ್ನು ಹಳೆಯ ಆವೃತ್ತಿಗೇ ಅಳವಡಿಸಿ ಕೊಡುವುದುಂಟು. ಕೇಳಬೇಕಾದದ್ದು, ನಾಳೆ ಲೋಪವೊಂದು ಪತ್ತೆಯಾದರೆ ಅದನ್ನು ಸರಿಪಡಿಸುವ ಹೊಣೆ ಯಾರದು ಎಂಬುದನ್ನು. ಬೆಂಬಲ ಮುಗಿದ ಲೈಬ್ರರಿಯ ವಿಷಯದಲ್ಲಿ ಆ ಹೊಣೆ ಹೊತ್ತವರು ಯಾರೂ ಉಳಿದಿರುವುದಿಲ್ಲ. ಜೊತೆಗೆ, ಹೊಸ ಆವೃತ್ತಿಯಲ್ಲಿ ಏನನ್ನು ತಿದ್ದಿದ್ದಾರೆ ಎಂಬುದು ಬಹಿರಂಗವಾಗಿಯೇ ಇರುವುದರಿಂದ, ಅದೇ ದೋಷ ಹಳೆಯದರಲ್ಲೂ ಇದ್ದರೆ ಹ್ಯಾಕರ್‌ಗಳಿಗೆ ದಾರಿ ತೋರಿಸಿಕೊಟ್ಟಂತಾಗುತ್ತದೆ.

ತಿದ್ದುಪಡಿ ಲಭ್ಯವಿದ್ದೂ ಹಾಕಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜನರ ಸಾಲದ ದಾಖಲೆ ಇಡುವ ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿಯ ಪ್ರಕರಣವಿದೆ. ಅದು ಬಳಸುತ್ತಿದ್ದ ಅಪಾಚೆ ಸ್ಟ್ರಟ್ಸ್ ಎಂಬ ಸಿದ್ಧ ಕೋಡ್‌ನ ಲೋಪಕ್ಕೆ 2017ರ ಮಾರ್ಚ್‌ನಲ್ಲೇ ತಿದ್ದುಪಡಿ ಬಂದಿತ್ತು. ಕಂಪನಿ ಅದನ್ನು ಅಳವಡಿಸಲಿಲ್ಲ. ಮೇ ತಿಂಗಳಿಂದ ಒಳನುಗ್ಗಿದವರು ಸುಮಾರು 14.7 ಕೋಟಿ ಜನರ ವೈಯಕ್ತಿಕ ವಿವರ ಕದ್ದರು. ತಿದ್ದುಪಡಿಯೇ ಬಾರದ ತಂತ್ರಾಂಶವನ್ನು ನೆಚ್ಚಿಕೊಂಡವರಿಗೆ ಆ ಎರಡು ತಿಂಗಳ ಅವಕಾಶವೂ ಇರುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಲೈಬ್ರರಿಯ ಲೋಪ ಬಯಲಾದಾಗಲಂತೂ, ಆ ಲೈಬ್ರರಿ ತಮ್ಮಲ್ಲಿದೆಯೋ ಇಲ್ಲವೋ ಎಂದು ಹುಡುಕುವುದೇ ಜಗತ್ತಿನ ಅನೇಕ ಸಂಸ್ಥೆಗಳಿಗೆ ದೊಡ್ಡ ಕೆಲಸವಾಯಿತು, ಏಕೆಂದರೆ ಅದು ಬೇರೆ ತಂತ್ರಾಂಶಗಳ ಒಳಗೆ ಮೂರ್ನಾಲ್ಕು ಪದರ ಕೆಳಗೂ ಅಡಗಿರುತ್ತಿತ್ತು.

ಆದ್ದರಿಂದ ಸ್ಥಳೀಯ ಸಂಸ್ಥೆಗಳು, ಸಹಕಾರ ಸಂಘಗಳು ಹಾಗೂ ಶಿಕ್ಷಣ ಸಂಸ್ಥೆಗಳು ಜಾಲತಾಣಕ್ಕೆ ಟೆಂಡರ್ ಕರೆಯುವಾಗ, ಬಳಸಿದ ಪ್ರತಿಯೊಂದು ಲೈಬ್ರರಿಯ ಹೆಸರು, ಆವೃತ್ತಿ ಮತ್ತು ಬೆಂಬಲದ ಕೊನೆಯ ದಿನಾಂಕವಿರುವ ಪಟ್ಟಿಯನ್ನು ಗುತ್ತಿಗೆದಾರರಿಂದ ಕಡ್ಡಾಯವಾಗಿ ಪಡೆಯಬೇಕು. ಇಂಥ ಪಟ್ಟಿ ಹೇಗಿರಬೇಕೆಂಬುದಕ್ಕೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2024ರಲ್ಲೇ ಮಾರ್ಗಸೂಚಿ ಪ್ರಕಟಿಸಿರುವುದರಿಂದ, ಮಾದರಿ ಇಲ್ಲವೆಂಬ ನೆಪಕ್ಕೆ ಆಸ್ಪದವಿಲ್ಲ. ಅಪ್‌ಡೇಟ್ ಕೆಲಸವನ್ನು ಉಚಿತ ಸೇವೆಯೆಂದು ಬಗೆಯದೆ, ವಾರ್ಷಿಕ ಬಜೆಟ್‌ನಲ್ಲಿ ಅದಕ್ಕೆ ಪ್ರತ್ಯೇಕ ಹಣವನ್ನೂ ಇಡಬೇಕು. ಒಂದು ಲೈಬ್ರರಿ ಬದಲಿಸಿದರೆ ಇನ್ನಾವುದೋ ಪುಟ ಕೆಡುವುದು ಸಾಮಾನ್ಯ. ಮರುಪರೀಕ್ಷೆಗೆ ಬೇಕಾಗುವ ದಿನಗಳಿಗೆ ಯಾರಾದರೂ ಸಂಬಳ ಕೊಡಲೇಬೇಕಲ್ಲವೇ? ಖಾಸಗಿ ದತ್ತಾಂಶದ ರಕ್ಷಣೆಗೆ ಸೂಕ್ತ ಕ್ರಮ ಕೈಗೊಳ್ಳದೆ ಸೋರಿಕೆಯಾದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು ಎಂಬುದನ್ನು ಆಡಳಿತ ಮಂಡಳಿಗಳು ಈ ಖರ್ಚಿನ ಪಕ್ಕದಲ್ಲಿಟ್ಟು ನೋಡಲಿ.

ಈಗಾಗಲೇ ನಡೆಯುತ್ತಿರುವ ಜಾಲತಾಣಗಳ ಪೈಕಿ ಹಣ ಮತ್ತು ಆಧಾರ್ ವಿವರ ಪಡೆಯುವಂಥವುಗಳ ಲೈಬ್ರರಿ ಪಟ್ಟಿಯನ್ನಾದರೂ ಮೊದಲು ಸಿದ್ಧಪಡಿಸುವಂತೆ ಎರಡೂ ಜಿಲ್ಲಾಡಳಿತಗಳು ಸಂಬಂಧಪಟ್ಟವರಿಗೆ ಸೂಚಿಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಓದುಗ,
ಕುವೆಂಪುನಗರ, ಮೈಸೂರು