ಸ್ಕ್ಯಾನರ್ ಬಂತು, ಕಲಿಸುವವರು ಬರಲಿಲ್ಲ

ಮಾನ್ಯ ಸಂಪಾದಕರೇ,

ವಸ್ತುಸಂಗ್ರಹಾಲಯವೊಂದರಲ್ಲಿ ಬಹಳ ವರ್ಷ ರಿಜಿಸ್ಟರ್ ನೋಡಿಕೊಂಡು ನಿವೃತ್ತನಾದವನು ನಾನು. ಕೆಲಸದಲ್ಲಿದ್ದಾಗ, ಸಂಗ್ರಹದ ವಸ್ತುಗಳ ಫೋಟೊ, ವಿವರಗಳನ್ನು ಕಂಪ್ಯೂಟರಿಗೆ ಹಾಕಲೆಂದು ನಮಗೊಂದು ಸ್ಕ್ಯಾನರ್, ಎರಡು ಕಂಪ್ಯೂಟರ್ ಬಂದವು. ಒಂದೇ ಮಧ್ಯಾಹ್ನದ ತರಬೇತಿ, ಅದೂ ಇಂಗ್ಲಿಷಿನಲ್ಲಿ. ತರಬೇತಿ ಕೊಡಲು ಬಂದವರು ಪರದೆಯ ಮೇಲೆ ತೋರಿಸಿದರು, ನಾವು ಕೂತು ನೋಡಿದೆವು. ಯಾರ ಕೈಗೂ ಮೌಸ್ ಸಿಗಲಿಲ್ಲ. ಮರುದಿನವೇ ಯಂತ್ರಗಳಿಗೆ ಬಟ್ಟೆ ಹೊದಿಸಿಟ್ಟೆವು. ನಮಗೆ ಹೆದರಿಕೆ ಇತ್ತು. ಏನಾದರೂ ಕೆಟ್ಟರೆ ಸಂಬಳದಲ್ಲಿ ಹಿಡಿದುಕೊಂಡರೆ ಏನು ಮಾಡುವುದು?

ಆಮೇಲೆ ಆ ಕೆಲಸ ಗುತ್ತಿಗೆಗೆ ಹೋಯಿತು. ಹುಡುಗರು ಬಂದು ಫೋಟೊ ತೆಗೆದು, ಹಾರ್ಡ್ ಡಿಸ್ಕ್ ಕೊಟ್ಟು ಹೋದರು. ಕೆಲವು ಫೋಟೊಗಳಿಗೆ ನಂಬರ್ ಅದಲುಬದಲಾಗಿತ್ತು. ತಪ್ಪು ನಮಗೆ ಕಾಣುತ್ತಿತ್ತು, ತಿದ್ದಲು ಬರುತ್ತಿರಲಿಲ್ಲ. ಇವತ್ತಿಗೂ ಅದು ನನ್ನ ಮನಸ್ಸನ್ನು ಕೊರೆಯುತ್ತದೆ.

ವಸ್ತುವಿನ ಜೊತೆ ಬದುಕಿದವರೇ ಅದರ ವಿವರ ಬರೆಯಬೇಕು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರು ಶಾಸನವನ್ನೇ ನೋಡಿ. ಕ್ರಿ.ಶ. 949ರದ್ದು. ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯ ಜೊತೆ ಕಾದಾಡಿ ಸತ್ತಾಗ, ಅದರ ಒಡೆಯ ಮಣಲೇರ ನಿಲ್ಲಿಸಿದ ಕಲ್ಲು. ಕಂಪ್ಯೂಟರಿನಲ್ಲಿ ಸುಮ್ನೆ ‘ಶಾಸನ, ಕಲ್ಲು, 10ನೇ ಶತಮಾನ’ ಎಂದು ಹಾಕಿದರೆ, ನಾಯಿಯ ಕಲ್ಲನ್ನು ಹುಡುಕುವ ಮಗುವಿಗೆ ಅದು ಸಿಗುವುದೇ ಇಲ್ಲ. ದಿನಾ ಅದರ ಮುಂದೆ ನಿಂತು ಶಾಲಾಮಕ್ಕಳಿಗೆ ಕಥೆ ಹೇಳುವ ಕಾವಲುಗಾರರಿಗೆ ಯಾವ ಪದ ಬೇಕೆಂದು ಗೊತ್ತಿರುತ್ತದೆ, ಅಲ್ವಾ?

ದಾಖಲೆ ಸರಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2023ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ನೋಡಿತು. ಸುಮಾರು 2,000 ವಸ್ತುಗಳು ಕಳುವಾಗಿದ್ದವು, ಕಾಣೆಯಾಗಿದ್ದವು ಅಥವಾ ಹಾಳಾಗಿದ್ದವು. ಅವುಗಳಲ್ಲಿ ಎಷ್ಟೋ ವಸ್ತುಗಳಿಗೆ ಸರಿಯಾದ ದಾಖಲೆಯೇ ಇರಲಿಲ್ಲ. ಆಮೇಲೆ ಅವರು ಇಡೀ ಸಂಗ್ರಹವನ್ನು 5 ವರ್ಷದಲ್ಲಿ ಡಿಜಿಟಲ್ ಮಾಡುವುದಾಗಿ ಹೇಳಿದರು. ಅಷ್ಟು ದೊಡ್ಡವರ ಪಾಡೇ ಹೀಗಾದರೆ ನಮ್ಮ ತಾಲ್ಲೂಕು, ಜಿಲ್ಲೆಗಳ ಸಂಗ್ರಹಾಲಯಗಳ ಗತಿ ಏನು?

ನಮ್ಮಲ್ಲಿ ತಂತ್ರಾಂಶಕ್ಕೆ ಕೊರತೆಯಿಲ್ಲ. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ, ಪುಣೆಯ ಸಿ-ಡ್ಯಾಕ್, ಸಂಗ್ರಹಾಲಯಗಳ ದಾಖಲೆ ಇಡಲೆಂದೇ ಮಾಡಿದ ‘ಜತನ್’ ಇದೆ. ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಂಥ ಕೇಂದ್ರದ ಸಂಸ್ಥೆಗಳು ಅದನ್ನು ಬಳಸಿವೆ. ಬೇಕಿರುವುದು ತಾಳ್ಮೆಯಿಂದ, ಕನ್ನಡದಲ್ಲಿ ಹೇಳಿಕೊಡುವವರು. ಕಲಿಯಬೇಕಾದ್ದು ದೊಡ್ಡ ವಿದ್ಯೆಯೇನಲ್ಲ. ಫೋಟೊದ ಹೆಸರು ರಿಜಿಸ್ಟರ್ ನಂಬರೇ ಆಗಿರಬೇಕು. ವಸ್ತುವಿನ ಪಕ್ಕ ಅಳತೆಪಟ್ಟಿ ಇಡಬೇಕು. ಶಾಸನಕ್ಕೆ ಬೆಳಕು ಪಕ್ಕದಿಂದ ಬೀಳಬೇಕು, ಆಗ ಅಕ್ಷರ ಎದ್ದು ಕಾಣುತ್ತದೆ. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಕುಗ್ಗಿಹೋಗುತ್ತದೆ, ಅದನ್ನು ದಾಖಲೆಗೆ ಇಡಬಾರದು. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು, ಎಲ್ಲ ಕಂಪ್ಯೂಟರುಗಳೂ ಓದುವ ಯೂನಿಕೋಡ್ ಅಕ್ಷರಕ್ಕೆ ಬದಲಿಸಬೇಕು, ಇಲ್ಲದಿದ್ದರೆ ಕನ್ನಡದಲ್ಲಿ ಹುಡುಕಿದರೆ ಸಿಗದು. ಎಲ್ಲದರ ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿರಬೇಕು.

ನನಗೆ ಇದನ್ನೆಲ್ಲ ಕಲಿಸಿದ್ದು ಹೊರಗುತ್ತಿಗೆಯಲ್ಲಿದ್ದ ಒಬ್ಬ ಹುಡುಗಿ. ಊಟ ಆದಮೇಲೆ ದಿನಾ ಕಾಲು ಗಂಟೆ. ‘ಸರ್, ನೀವೇ ಒತ್ತಿ, ಏನೂ ಆಗಲ್ಲ’ ಎನ್ನುತ್ತಿದ್ದಳು. ತಪ್ಪಾದರೆ ಹಿಂದಿನ ಸ್ಥಿತಿಗೆ ತರುವುದನ್ನು ಎಲ್ಲಕ್ಕಿಂತ ಮೊದಲು ಹೇಳಿಕೊಟ್ಟಳು. ಹೆದರಿಕೆ ಹೋಗಿದ್ದೇ ಅದರಿಂದ. ಮೂರು ತಿಂಗಳಲ್ಲಿ ನಾನೇ ಉಳಿದವರಿಗೆ ತೋರಿಸುವಷ್ಟಾದೆ. ಅವಳ ಗುತ್ತಿಗೆ ಮುಗಿಯಿತು, ಮುಂದುವರಿಸಲಿಲ್ಲ.

ಸಂಬಂಧಪಟ್ಟವರಲ್ಲಿ ನನ್ನ ಬೇಡಿಕೆ ಇಷ್ಟೇ. ಪ್ರತಿ ಸಂಗ್ರಹಾಲಯದಲ್ಲೂ ವಾರಕ್ಕೆರಡು ಗಂಟೆಯನ್ನು ಕಲಿಕೆಗೆಂದೇ ಬಿಡಿ. ಕಾವಲುಗಾರರನ್ನೂ ಕೂರಿಸಿ. ಕಲಿಯುವಾಗ ಯಂತ್ರ ಕೆಟ್ಟರೆ ಸಿಬ್ಬಂದಿಯಿಂದ ಹಣ ವಸೂಲಿ ಮಾಡುವುದಿಲ್ಲ ಎಂದು ಬರವಣಿಗೆಯಲ್ಲಿ ಕೊಡಿ. ಮೇ 18, ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. ಅವತ್ತೇ ಶುರು ಮಾಡಿದರೂ ಆಯಿತು. ಕರೆದರೆ ನಾನೂ ಬಂದು ಹೇಳಿಕೊಡುತ್ತೇನೆ, ಸಂಭಾವನೆ ಬೇಡ.

ಇಂತಿ,
ವಸ್ತುಸಂಗ್ರಹಾಲಯವೊಂದರ ನಿವೃತ್ತ ಸಿಬ್ಬಂದಿ, ಮೈಸೂರು