ಹಕ್ಕಿಗಳ ಹೆಸರಿನೊಳಗಿನ ಮನುಷ್ಯರು, ಮತ್ತು ನನ್ನ ಅತ್ತಿಗೆ

ಹಕ್ಕಿಗಳ ಹೆಸರಿನಲ್ಲಿ ಸೇರಿಹೋದ ಮನುಷ್ಯರ ಬಗ್ಗೆ ನಾನು ಬರೆಯುತ್ತಿದ್ದ ಕಿರುಹೊತ್ತಿಗೆ ಕೊನೆಗೂ ಅಚ್ಚಾಗಿ ಕೈಗೆ ಬಂದಿದೆ. ಮೈಸೂರು, ಮಂಡ್ಯ ಕಡೆಯ ಕೆರೆ, ಹೊಲ, ಕುರುಚಲು ಕಾಡುಗಳಲ್ಲಿ ನಾವು ನೋಡುವ ಎಷ್ಟೋ ಹಕ್ಕಿಗಳ ಇಂಗ್ಲಿಷ್ ಹೆಸರಿನಲ್ಲೋ ಶಾಸ್ತ್ರೀಯ ಹೆಸರಿನಲ್ಲೋ ಒಬ್ಬ ಮನುಷ್ಯ ಇದ್ದಾನೆ. ಅವನು ಯಾರು, ಅವನ ಜೊತೆಗೆ ಯಾರಿದ್ದರು ಎಂದು ಹುಡುಕುವುದೇ ಈ ಪುಸ್ತಕದ ಕೆಲಸ. ನಡುವೆ ನನಗೆ ಕಾಯಿಲೆ ಬಂದು, ಆಪರೇಷನ್ ಆಗಿ ಎಲ್ಲವೂ ನಿಂತುಹೋಗಿತ್ತು. ಆ ಕಥೆ ನಿಮಗೆಲ್ಲ ಗೊತ್ತಿರುವುದೇ, ಮತ್ತೆ ಬರೆಯುವುದಿಲ್ಲ. ಈಗ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಯಾರ ಕೈಯನ್ನೂ ಹಿಡಿಯದೆ ನಡೆಯುತ್ತಿದ್ದೇನೆ.

ಹಳೆಯ ಸಂಪುಟಗಳನ್ನು ಕಪಾಟಿನ ತಳದಿಂದ ತೆಗೆದುಕೊಟ್ಟ ಗ್ರಂಥಾಲಯದ ಸಿಬ್ಬಂದಿ, ಭಾನುವಾರ ಬೆಳಿಗ್ಗೆ ಹಕ್ಕಿ ನೋಡಲು ಜೊತೆಯಾಗುವ ಗೆಳೆಯರು, ಕರಡು ತಿದ್ದಿದ ಹಳೆಯ ಸಹೋದ್ಯೋಗಿ, ರಕ್ತ ಕೊಡಲು ಓಡಿಬಂದ ಹುಡುಗರು, ನಾನು ಪದೇ ಪದೇ ಬದಲಾಯಿಸಿದರೂ ಬೇಸರಿಸದೆ ಪುಟ ಕಟ್ಟಿದವರು, ನಿಮಗೆಲ್ಲ ಕೈಮುಗಿಯುತ್ತೇನೆ. ನೀವಿಲ್ಲದೆ ಇದು ಆಗುತ್ತಿರಲಿಲ್ಲ.

ಆದರೆ ಈ ಬರಹ ಬಹುಪಾಲು ನನ್ನ ಅತ್ತಿಗೆಗೆ ಸಲ್ಲಬೇಕು.

ಅತ್ತಿಗೆ ಪಾಂಡವಪುರದ ಹತ್ತಿರದ ಹಳ್ಳಿಯವರು. ಕಬ್ಬು ಬೆಳೆಯುತ್ತಾರೆ, ಹಸು ಸಾಕಿದ್ದಾರೆ. ಬೈನಾಕ್ಯುಲರ್ ಮುಟ್ಟಿದವರಲ್ಲ. ಆಪರೇಷನ್ನಿನ ಹಿಂದಿನ ದಿನ ಅಣ್ಣನಿಗೆ ಹಸು ಕರೆದು ಡೇರಿಗೆ ಹಾಲು ಹಾಕುವ ಕೆಲಸ ಒಪ್ಪಿಸಿ, ಸಂಜೆಯ ಬಸ್ಸು ಹತ್ತಿ ಮೈಸೂರಿಗೆ ಬಂದರು. ಬಂದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಚದ ಕಾಲ ಬಳಿ ಸ್ಟೂಲ್ ಎಳೆದುಕೊಂಡು ಕುಳಿತು ನನ್ನ ಪಾದ ಹಿಡಿದರು. ಅವರ ಬಲಗೈ ಹೆಬ್ಬೆರಳಿನಲ್ಲಿ ಕುಡುಗೋಲಿನ ಹಳೆಯ ಗಾಯವೊಂದು ಕಪ್ಪು ಗೆರೆಯಾಗಿ ಉಳಿದಿದೆ. ಆ ಒರಟು ಬೆರಳು ಇಡೀ ರಾತ್ರಿ ನನ್ನ ಅಂಗಾಲಿನ ಮೇಲೆ ಓಡಾಡುತ್ತಿತ್ತು.

ನನಗೆ ನಿದ್ದೆ ಬರಲಿಲ್ಲ. ಹೆದರಿಕೆ. ಅದಕ್ಕೆ ಬೇರೆ ಹೆಸರು ಕೊಡುವುದು ಬೇಡ. ಅತ್ತಿಗೆ ದೇವರ ಮಾತನ್ನೂ ಆಡಲಿಲ್ಲ, ಧೈರ್ಯವನ್ನೂ ಹೇಳಲಿಲ್ಲ. "ಏನೋ ಬರೆಯುತ್ತಿದ್ದೆಯಲ್ಲ, ಹಕ್ಕಿದು. ಅದನ್ನು ಓದು ತಾಯಿ, ಕೇಳುತ್ತೇನೆ" ಎಂದರು.

ಚೀಲದಲ್ಲಿದ್ದ ಹಾಳೆಗಳನ್ನು ತೆಗೆದೆ. ಮೊದಲು ಸಿಕ್ಕಿದ್ದು ಹರಟೆಮಲ್ಲ. ಹಿಂಡುಹಿಂಡಾಗಿ ಹೊಲದ ಬದುವಿನಲ್ಲಿ ಗಲಾಟೆ ಮಾಡಿಕೊಂಡು ತಿರುಗುವ ದೊಡ್ಡ ಬೂದು ಹರಟೆಮಲ್ಲ ಅವರ ಹಿತ್ತಿಲ ತಿಪ್ಪೆಗೆ ದಿನವೂ ಬರುತ್ತದೆ. ಅದರ ಶಾಸ್ತ್ರೀಯ ಹೆಸರಿನಲ್ಲಿರುವವನು ಜಾನ್ ಮಾಲ್ಕಂ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ನಿಜಾಮನ ಪಡೆಯ ಜೊತೆ ಇಲ್ಲಿಗೆ ಬಂದಿದ್ದವನು. ಆಮೇಲೆ ಮೈಸೂರು ರಾಜ್ಯದ ವ್ಯವಸ್ಥೆ ನಿರ್ಧರಿಸಿದ ಆಯೋಗಕ್ಕೆ ಥಾಮಸ್ ಮನ್ರೋ ಜೊತೆ ಕಾರ್ಯದರ್ಶಿಯಾದ, ಮುಂದೆ ಬೊಂಬಾಯಿಯ ಗವರ್ನರನಾದ. 1832ರಲ್ಲಿ ಹಕ್ಕಿಗೆ ಅವನ ಹೆಸರಿಟ್ಟವನು ಬೊಂಬಾಯಿ ಸೈನ್ಯದ ಅಧಿಕಾರಿ ಸೈಕ್ಸ್. ಅದೇ ವರ್ಷ ಅದೇ ಸೈಕ್ಸ್ ನಮ್ಮ ಕೆರೆದಂಡೆಯ ಕೊಳದ ಬಕಕ್ಕೆ ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇಯ ಹೆಸರನ್ನೂ ಕೊಟ್ಟ. ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡು, "ಪಟ್ಟಣ ಸುಟ್ಟವರ ಹೆಸರೂ ನಮ್ಮ ತಿಪ್ಪೆಯ ಮೇಲೇ ಇದೆಯಲ್ಲ" ಎಂದರು. ಅವರ ಪಾಂಡವಪುರವೇ ಒಂದು ಕಾಲಕ್ಕೆ ಫ್ರೆಂಚ್ ರಾಕ್ಸ್ ಎಂದು ಕರೆಸಿಕೊಂಡ ಊರು. ಹೊರಗಿನವರ ಹೆಸರು ಬಂದು ಕೂರುವುದು, ಎದ್ದು ಹೋಗುವುದು ಅವರಿಗೆ ಹೊಸದೇನಲ್ಲ.

ಆಮೇಲೆ ಮುತ್ತುವಿನ ಹಾಳೆ ಓದಿದೆ. ಚಳಿಗಾಲದಲ್ಲಿ ಪಶ್ಚಿಮ ಘಟ್ಟದ ನೆರಳು ಕಾಡಿಗೂ ಶ್ರೀಲಂಕೆಗೂ ಬರುವ ಒಂದು ಪುಟ್ಟ ನೊಣಹಿಡುಕವಿದೆ. ಎದೆ ಕಂದು, ಕಾಲು ತಿಳಿಹಳದಿ, ದೊಡ್ಡ ಕಣ್ಣಿನ ಸುತ್ತ ಬಿಳಿಯ ಬಳೆ. ತಗ್ಗಿನ ಕೊಂಬೆಯಲ್ಲಿ ಸದ್ದಿಲ್ಲದೆ ಕುಳಿತಿರುತ್ತದೆ. 1854ರಲ್ಲಿ ಅದನ್ನು ಮೊದಲು ವರ್ಣಿಸಿದವನು ಶ್ರೀಲಂಕೆಯಲ್ಲಿ ನೌಕರಿಯಲ್ಲಿದ್ದ ಎಡ್ಗರ್ ಲೇಯಾರ್ಡ್. ಅವನು ಆ ಹಕ್ಕಿಗೆ ಇಟ್ಟದ್ದು ಯಾವ ಗವರ್ನರನ ಹೆಸರನ್ನೂ ಅಲ್ಲ, ತನ್ನ ಬಳಿ ಬಹುಕಾಲ ದುಡಿದ ಸೇವಕ ಮುತ್ತುವಿನ ಹೆಸರನ್ನು. ತನಗೆ ದಕ್ಕಿದ ಒಳ್ಳೆಯ ಹಕ್ಕಿಗಳಲ್ಲಿ ಅನೇಕವು ಮುತ್ತುವಿನ ತಾಳ್ಮೆಯಿಂದಲೇ ಬಂದವು ಎಂದು ಲೇಯಾರ್ಡ್ ಒಪ್ಪಿಕೊಂಡು ಬರೆದ. ಶಾಸ್ತ್ರೀಯ ಹೆಸರಿನಲ್ಲಿ ಮುತ್ತು ಇಂದಿಗೂ ಇದ್ದಾನೆ.

ಅತ್ತಿಗೆಯ ಬೆರಳು ನಿಂತಿತು. "ಅವನ ಊರು ಯಾವುದು?" ಎಂದರು. "ಮದುವೆ ಆಗಿತ್ತೆ? ಕಾಡು ಸುತ್ತಲು ಹೋದಾಗ ಮನೆಯಲ್ಲಿ ಗಂಜಿ ಕಾಯಿಸುವವರು ಯಾರು? ದೊರೆ ಸಂಬಳ ಸರಿಯಾಗಿ ಕೊಡುತ್ತಿದ್ದನೆ?"

ಲೇಯಾರ್ಡ್ ಬರೆದಿಟ್ಟ ಆ ಸಾಲಿನಲ್ಲಿ ಇದ್ದದ್ದು ಒಂದು ಹೆಸರು, ಒಂದಿಷ್ಟು ಮೆಚ್ಚುಗೆ. ಲೇಯಾರ್ಡನ ಅಣ್ಣ ಇರಾಕಿನ ಪುರಾತನ ನಗರ ನಿನೆವೆಯನ್ನು ಅಗೆದು ಜಗತ್ಪ್ರಸಿದ್ಧನಾದವನು, ಎಡ್ಗರ್ ಲೇಯಾರ್ಡನ ಹೆಂಡತಿಯ ಹೆಸರಿನಲ್ಲಿ ಶ್ರೀಲಂಕೆಯ ಗಿಳಿಯೊಂದಿದೆ. ಆ ಮನೆತನದ ಹುಟ್ಟು, ಸಾವು, ನೌಕರಿ ಎಲ್ಲಕ್ಕೂ ದಾಖಲೆಯಿದೆ. ಅತ್ತಿಗೆ ಕೇಳಿದ ನಾಲ್ಕು ಪ್ರಶ್ನೆಗಳಿಗೆ ನನ್ನ ಹಾಳೆಯಲ್ಲಿ ಒಂದು ಪದವೂ ಇರಲಿಲ್ಲ. ಅದನ್ನೇ ಹೇಳಿದೆ. ಅವರು ಸುಮ್ಮನೆ ತಲೆಯಾಡಿಸಿದರು.

ನಡುರಾತ್ರಿ ಕಳೆದ ಮೇಲೆ ನನಗೆ ಅಳು ಬಂತು. "ನಾಳೆ ನಾನು ಏಳದಿದ್ದರೆ ಈ ಕಾಗದಗಳನ್ನೆಲ್ಲ ಒಲೆಗೆ ಹಾಕಿಬಿಡಿ" ಎಂದೆ. ನನ್ನ ಮಗಳಿಗೂ ಹೇಳಿರದ ಮಾತುಗಳನ್ನು ಆಗ ಅವರಿಗೆ ಹೇಳಿದೆ. ಸಾಯಲು ನನಗೆ ಇಷ್ಟವಿಲ್ಲ ಎಂದೆ. ಇನ್ನೊಂದು ಚಳಿಗಾಲ ನೋಡಬೇಕು ಎಂದೆ. ಅತ್ತಿಗೆ ನನ್ನ ಮುಖ ಒರೆಸಿ, ನೀರು ಕುಡಿಯುವಂತಿರಲಿಲ್ಲವಾದ್ದರಿಂದ ತುಟಿಗೆ ಒದ್ದೆ ಬಟ್ಟೆ ಒತ್ತಿ, "ಒಲೆಗೆ ಹಾಕಲು ನಮ್ಮ ಮನೆಯಲ್ಲಿ ಕಬ್ಬಿನ ತರಗು ಬೇಕಾದಷ್ಟಿದೆ. ಮುಂದಿನದು ಓದು" ಎಂದರು.

ಮುಂದಿನದು ಅಲನ್ ಆಕ್ಟೇವಿಯನ್ ಹ್ಯೂಮ್. ವರ್ಷಗಟ್ಟಲೆ ಕೂಡಿಹಾಕಿದ ಹಕ್ಕಿಗಳ ಟಿಪ್ಪಣಿಗಳನ್ನು ಅವನು ಶಿಮ್ಲಾದ ಮನೆಯಲ್ಲಿ ಇಟ್ಟಿದ್ದ. ಅವನಿಲ್ಲದಾಗ ಸೇವಕನೊಬ್ಬ ಅವುಗಳನ್ನು ರದ್ದಿ ಕಾಗದವೆಂದು ಮಾರಿಬಿಟ್ಟ. ಹ್ಯೂಮ್ ಆ ಟಿಪ್ಪಣಿಗಳಿಂದ ಬರೆಯಬೇಕೆಂದಿದ್ದ ದೊಡ್ಡ ಗ್ರಂಥದ ಆಸೆಯನ್ನೇ ಬಿಟ್ಟು, ತನ್ನ ಹತ್ತಾರು ಸಾವಿರ ಹಕ್ಕಿ ಮಾದರಿಗಳನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟ. "ಆಮೇಲೆ?" ಎಂದರು ಅತ್ತಿಗೆ. ಆಮೇಲೆ 1885ರಲ್ಲಿ ಕಾಂಗ್ರೆಸ್ ಕಟ್ಟಲು ಮುಂದೆ ನಿಂತ ಎಂದೆ. "ಕಾಗದ ಹೋದರೂ ಆಳು ಉಳಿದನಲ್ಲ, ಬಿಡು" ಎಂದರು. ಬೆಳಗಿನ ಜಾವ ಸ್ಟ್ರೆಚರ್ ಬರುವ ತನಕ ಓದಿದೆ. ಹಾಳೆಗಳನ್ನು ಅವರೇ ಜೋಡಿಸಿ, ಮಡಿಚಿ, ತಮ್ಮ ಚೀಲದಲ್ಲಿ ಇಟ್ಟುಕೊಂಡರು.

ಚೇತರಿಸಿಕೊಂಡು ಮತ್ತೆ ಬರೆಯಲು ಕುಳಿತಾಗ ಪ್ರತಿ ಹಕ್ಕಿಯ ಮುಂದೆಯೂ ಅತ್ತಿಗೆಯ ಪ್ರಶ್ನೆಗಳೇ ಎದುರಾದವು. ದಾಸವಾಳಕ್ಕೆ ಬರುವ ಉದ್ದ ಕೊಕ್ಕಿನ ಸೂರಕ್ಕಿಗೆ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1766ರಲ್ಲಿ ಶ್ರೀಲಂಕೆಯ ಡಚ್ ಗವರ್ನರ್ ಲೋಟನ್ನನ ಹೆಸರಿಟ್ಟ. ಲೋಟನ್ನನಿಗಾಗಿ ಹಕ್ಕಿಗಳ ಚಿತ್ರ ಬರೆದುಕೊಟ್ಟವನು ಮಿಶ್ರ ಸಂತತಿಯ ಕಲಾವಿದ ಪೀಟರ್ ಕಾರ್ನೆಲಿಸ್ ಡಿ ಬೆವೆರೆ. ಪುಸ್ತಕದಲ್ಲಿ ಇಬ್ಬರಿಗೂ ಸರಿಸಮನಾದ ಜಾಗ ಕೊಟ್ಟಿದ್ದೇನೆ. ಟಿಕೆಲ್ ನೀಲಿ ನೊಣಹಿಡುಕದ ಶಾಸ್ತ್ರೀಯ ಹೆಸರು ಟಿಕೆಲ್ ಮನೆಯ ಹೆಣ್ಣುಮಗಳೊಬ್ಬಳದು ಎಂಬುದನ್ನೂ ಬರೆದಿದ್ದೇನೆ.

ನನಗೆ ಬಹಳ ಹಿಡಿಸಿದ್ದು ಚಳಿಗಾಲದಲ್ಲಿ ನಮ್ಮ ಒಣ ಬಯಲಿಗೆ ಇಳಿಯುವ, ಮಣ್ಣಿನ ಬಣ್ಣದ ಬ್ಲಿತ್ಸ್ ಪಿಪಿಟ್ ಎಂಬ ಪುಟ್ಟ ಹಕ್ಕಿ. ಅದರ ಹೆಸರುಗಳಲ್ಲಿ ಇಬ್ಬರಿದ್ದಾರೆ. ಇಂಗ್ಲಿಷ್ ಹೆಸರಿನ ಎಡ್ವರ್ಡ್ ಬ್ಲಿತ್ 1841ರಿಂದ 1862ರವರೆಗೆ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಂಗ್ರಹಾಲಯ ನೋಡಿಕೊಂಡವನು, ಡಾರ್ವಿನ್ ಗೌರವದಿಂದ ಕಂಡ ವಿದ್ವಾಂಸ. 1854ರಲ್ಲಿ ಮದುವೆಯಾದ ಅವನ ಹೆಂಡತಿ 1857ರಲ್ಲೇ ತೀರಿಕೊಂಡಳು. ಶಾಸ್ತ್ರೀಯ ಹೆಸರಿನ ವಿಕ್ಟರ್ ಗೊಡ್ಲೆವ್ಸ್ಕಿ ಪೋಲೆಂಡಿನವನು. 1863ರಲ್ಲಿ ರಷ್ಯಾದ ಚಕ್ರಾಧಿಪತ್ಯದ ವಿರುದ್ಧ ಎದ್ದ ದಂಗೆಯಲ್ಲಿ ಸೇರಿ ಸೈಬೀರಿಯಕ್ಕೆ ಗಡೀಪಾರಾದ. ಅಲ್ಲಿ ಬೈಕಲ್ ಸರೋವರದ ಸೀಮೆಯಲ್ಲಿ, ತನ್ನಂತೆಯೇ ಗಡೀಪಾರಾಗಿದ್ದ ಬೆನೆಡಿಕ್ಟ್ ಡಿಬೋವ್ಸ್ಕಿಯ ಜೊತೆ ಜೀವಿಗಳನ್ನು ಸಂಗ್ರಹಿಸಿದ. ಮಂಗೋಲಿಯ, ಸೈಬೀರಿಯದ ಕಡೆ ಮರಿ ಮಾಡುವ ಹಕ್ಕಿ ಅದು. ಗಡೀಪಾರಾದವನ ಹೆಸರು ಹೊತ್ತು ಪ್ರತಿವರ್ಷ ಮಂಡ್ಯದ ಬಯಲಿಗೆ ಬರುತ್ತದೆ, ತಿರುಗಿ ಹೋಗುತ್ತದೆ.

ಅಮೆರಿಕದ ಪಕ್ಷಿವಿಜ್ಞಾನಿಗಳ ಸಂಘ 2023ರ ನವೆಂಬರಿನಲ್ಲಿ, ತನ್ನ ವ್ಯಾಪ್ತಿಯಲ್ಲಿ ಮನುಷ್ಯರ ಹೆಸರಿರುವ ಇಂಗ್ಲಿಷ್ ಹಕ್ಕಿಹೆಸರುಗಳನ್ನು ಬದಲಿಸುವುದಾಗಿ ಪ್ರಕಟಿಸಿತು. ನಿನ್ನ ಅಭಿಪ್ರಾಯವೇನು ಎಂದು ಹಲವರು ಕೇಳಿದ್ದೀರಿ. ಈ ಬದಲಾವಣೆ ನಾಳೆ ಶಾಸ್ತ್ರೀಯ ಹೆಸರುಗಳಿಗೂ ಹಬ್ಬಿ ಮಾಲ್ಕಂನ ಹೆಸರು ಹೋದರೆ ನನಗೆ ದುಃಖವಿಲ್ಲ. ಆದರೆ ಅದೇ ಪೊರಕೆಯಲ್ಲಿ ಮುತ್ತುವೂ ಗುಡಿಸಿಹೋಗಬಾರದು. ಅವನಿಗೆ ಉಳಿದಿರುವುದು ಅದೊಂದೇ ಜಾಗ.

ಅತ್ತಿಗೆ ಇಲ್ಲಿ ತಮ್ಮ ಹೆಸರು ಹಾಕಬೇಡ ಎಂದಿದ್ದಾರೆ, ಪಾಲಿಸಿದ್ದೇನೆ. ಪುಸ್ತಕದ ಅರ್ಪಣೆಯ ಪುಟದ ಬಗ್ಗೆ ಮಾತ್ರ ನಾನು ಅವರ ಮಾತು ಕೇಳಲಿಲ್ಲ. ಅಲ್ಲಿ ಅವರ ಪೂರ್ತಿ ಹೆಸರಿದೆ, ತವರೂರು ಇದೆ, ಅಪ್ಪ ಅವ್ವನ ಹೆಸರಿದೆ, ಏನು ಬೆಳೆಯುತ್ತಾರೆ ಎಂಬುದೂ ಇದೆ. ಅಣ್ಣ ಅದನ್ನು ಗಟ್ಟಿಯಾಗಿ ಓದಿದಾಗ ಅವರು ಎದ್ದು ಕೊಟ್ಟಿಗೆಗೆ ಹೋದರು. ಸಂಜೆ ಫೋನ್ ಮಾಡಿ, ತವರೂರಿನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿಲ್ಲ ತಾನೆ ಎಂದು ಕೇಳಿ ಖಾತ್ರಿ ಮಾಡಿಕೊಂಡರು.

ಇನ್ನು ಮುಂದಿನ ಕೆಲಸ. ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಅವರ ಒತ್ತಾಯದಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಆ ಕಾಲದಲ್ಲಿ ಕಾವೇರಿಯ ತಿಟ್ಟುಗಳಿಗೆ ದೋಣಿ ನಡೆಸಿದವರು, ಗೂಡು ತೋರಿಸಿದವರು, ಡೇರೆ ಹೊತ್ತವರು, ಕೊಕ್ಕರೆ ಬೆಳ್ಳೂರಿನಲ್ಲಿ ಮನೆಯ ಮುಂದಿನ ಹುಣಸೆಮರವನ್ನು ಕಡಿಯದೆ ಹೆಜ್ಜಾರ್ಲೆಗಳಿಗೆ ಬಿಟ್ಟುಕೊಟ್ಟವರು, ಇವರ ಹೆಸರುಗಳನ್ನು ಬರೆದಿಡಲು ಹೊರಟಿದ್ದೇನೆ. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಅಂಥ ಹಿರಿಯರ ನೆನಪು ಇಟ್ಟುಕೊಂಡವರಿದ್ದರೆ ದಯವಿಟ್ಟು ತಿಳಿಸಿ. ಕಬ್ಬು ಕಟಾವು ಮುಗಿದ ಮೇಲೆ ಅತ್ತಿಗೆಯನ್ನು ಕರೆದುಕೊಂಡು ಬರುತ್ತೇನೆ. ಪ್ರಶ್ನೆಗಳನ್ನು ಅವರೇ ಕೇಳಲಿ, ನಾನು ಬರೆದುಕೊಳ್ಳುತ್ತೇನೆ.